ಕೀವಿಗಾಗಿ ಕಾದದ್ದು

ಒಣಗಿಸಿ ಕುಟ್ಟಿದ ಮಾಚಿಪತ್ರೆಯ ಅರಳೆಯನ್ನು ಬೆರಳ ತುದಿಯಲ್ಲಿ ಹೊಸೆದು, ಲಾಮೇಯ ಅತ್ತೆ ತನ್ನ ಮಗ ಗ್ವೋಲಿನ್‌ನ ಮೊಣಕಾಲ ಕೆಳಗೆ ಪುಟ್ಟ ಗೋಪುರದಂತೆ ನಿಲ್ಲಿಸಿದಳು. ಊದುಬತ್ತಿಯ ಕೆಂಡ ತಾಗಿಸಿದಳು. ಚರ್ಮ ಸುಟ್ಟ ವಾಸನೆ ಬಂದರೂ ಅವನು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ನೋಡು," ಎಂದು ಅತ್ತೆ ಸೊಸೆಯತ್ತ ತಿರುಗಿದಳು. "ಇವರಪ್ಪ ಇಷ್ಟಕ್ಕೇ ಹಂದಿ ಥರ ಅರಚ್ಕೊಳ್ತಿದ್ರು. ನನ್ನ ಮಗ ಹುಲಿ."

"ಹುಲಿಗೊಂದು ಲೋಟ ಚಹಾ ಕೊಡೇ, ಲಾಮೇ," ಎಂದು ಅವನು ನಕ್ಕ.

ಲಾಮೇ ನಗಲಿಲ್ಲ. ಲಾರಿ ಓಡಿಸುವ ಗಂಡನಿಗೆ ಸಕ್ಕರೆ ಕಾಯಿಲೆ. ಈಚೆಗೆ ಕಾಲು ಜೋಮು ಹಿಡಿದು, ಬ್ರೇಕ್ ಒತ್ತಿದ್ದೂ ತಿಳಿಯುತ್ತಿರಲಿಲ್ಲ. ಅತ್ತೆಗೆ ಅವನು ಹೇಳಿದ್ದು ಬರೀ ಜೋಮು ಎಂದು; ಅದಕ್ಕೇ ಈ ಸುಡುವ ಚಿಕಿತ್ಸೆ. ಚೀಚುನ್ ಊರಿನ ಎಷ್ಟೋ ಮುದುಕರ ಮಂಡಿನೋವು ಅತ್ತೆಯ ಕೈಯಲ್ಲೇ ಇಳಿದಿತ್ತು. ಸುಟ್ಟ ಜಾಗ ಕೀವಾದರೆ ರೋಗ ಹೊರಬಂತೆಂದು ಲೆಕ್ಕ, ಒಣಗಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಬೇಗ ಕೀವಾಗಲೆಂದು ಅತ್ತೆ ದಿನವೂ ಹುಂಜದ ಸಾರು, ಕಳಲೆ ಪಲ್ಯ ಬಡಿಸಿದಳು.

ಕೀವಾಯಿತು. ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು.

ಪಟ್ಟಿ ಬದಲಿಸುವಾಗ, ಅವನು ಅತ್ತ ನೋಡುತ್ತಿದ್ದಾಗ, ಲಾಮೇ ತಲೆಯ ಪಿನ್ನು ತೆಗೆದು ಅವನ ಪಾದಕ್ಕೆ ಚುಚ್ಚಿದಳು.

"ಏನಾದ್ರೂ ಗೊತ್ತಾಯ್ತಾ?"

"ಏನು?"

ಪಿನ್ನು ತೋರಿಸಿದಳು. ತುದಿಯಲ್ಲಿ ರಕ್ತವಿತ್ತು. ಅವನ ಮುಖ ಇಳಿಯಿತು.

"ಅಮ್ಮನಿಗೆ ಹೇಳ್ಬೇಡ."

"ಆಸ್ಪತ್ರೆಗೆ ಹೋಗೋಣ. ಇವತ್ತೇ."

"ಮಗನ್ನೇ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ, ನಾಳೆ ಅಮ್ಮನ ಹತ್ರ ಯಾರು ಬರ್ತಾರೆ? ಕೀವು ಹರಿದು ಮುಗೀಲಿ, ಆಮೇಲೆ ನೋಡೋಣ."

ಲಾಮೇ ಹೊಸ ಪಟ್ಟಿ ಕಟ್ಟಿದಳು.

ಕೀವು ಮುಗಿಯಲಿಲ್ಲ. ಅವನು ಜ್ವರದಲ್ಲಿ ಬಡಬಡಿಸತೊಡಗಿದ ಮೇಲೆ ಆಸ್ಪತ್ರೆಗೆ ಒಯ್ದರು. ಆ ಹೊತ್ತಿಗೆ ಕಾಲು ಕಪ್ಪಾಗಿತ್ತು.

"ಕೀವು ಯಾವಾಗಿಂದ?" ಎಂದು ಡಾಕ್ಟರು ಕೇಳಿದರು.

"ಚೆನ್ನಾಗಿ ಬರ್ತಾ ಇದೆ ಡಾಕ್ಟ್ರೇ," ಎಂದಳು ಅತ್ತೆ. "ಒಂದು ದಿನಾನೂ ಒಣಗೋಕೆ ಬಿಡ್ಲಿಲ್ಲ."

ಡಾಕ್ಟರು ಅವನ ತೊಡೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. "ಇಲ್ಲಿಗೆ ತೆಗೀಬೇಕು. ತೆಗೆದ್ರೂ ಜೀವ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ."

ಅವನ ಮಂಚವನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಒಂದ್ಸಲಾನೂ ಉರಿ ಅನ್ಲಿಲ್ಲ ಕಣೇ ಅವನು. ಅಂದಿದ್ರೆ ತಕ್ಷಣ ಕೆಂಡ ತೆಗೀತಿದ್ದೆ. ಎಲ್ರಿಗೂ ಹಾಗೇ ತೆಗೀತೀನಿ." ತಲೆಯೆತ್ತಿದಳು. "ಲಾಮೇ, ನಿನಗೇನಾದ್ರೂ ಗೊತ್ತಿತ್ತಾ?"

ಲಾಮೇ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಇಲ್ಲ ಅತ್ತೆ," ಎಂದಳು.