ದಾರ ಕಟ್ಟಿದ ಕೂದಲು

ಕೋಳಿ ಅಂಗಡಿಯವನ ಬೆರಳನ್ನು ಗಿರಿರಾಜ್ ಮುರಿದ ದಿನ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ.

ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ ಬೀಳುತ್ತಿದ್ದ ಕಸ ಎಷ್ಟೆಂದರೆ, ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಿದ್ದರೆ ಸಾವನದುರ್ಗ ನಾಚಿಕೊಂಡು ಕೂತುಬಿಡುತ್ತಿತ್ತು. ಅದನ್ನು ಎತ್ತುವುದಕ್ಕೆಂದೇ ನಾವೊಂದಷ್ಟು ಜನ ಸೇರಿ ಏರಿ ಬಳಗ ಕಟ್ಟಿಕೊಂಡಿದ್ದೆವು. ಅಧ್ಯಕ್ಷರು ವಿಶ್ವಾರಾಧ್ಯ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೊರಳಿಗೊಂದು ಸೀಟಿ ಕಟ್ಟಿಕೊಂಡವರು, ನಿದ್ದೆಯಲ್ಲೂ ಅದನ್ನು ಊದುತ್ತಾರಂತೆ. ಜಲಜಾ ಶಾಲೆಯ ಟೀಚರು, ಫೋಟೋ ವಿಡಿಯೋ ಎಲ್ಲಾ ಅವಳದು. ರುದ್ರೇಶ ಆಟೋ ಓಡಿಸುತ್ತಾನೆ, ತಮಟೆ ಬಾರಿಸುತ್ತಾನೆ. ಟೈಲ್ಸ್ ಅಂಗಡಿಯ ಗಿರಿರಾಜ್ ಕಾರ್ಯದರ್ಶಿ. ಪಿಕಾಸಿ ಹಿಡಿದು ಸಸಿಗೆ ಗುಂಡಿ ತೋಡಲು ನಿಂತರೆ ಪಾತಾಳದವರು ಎದ್ದು ಬಂದು ಏನಪ್ಪಾ ಬೇಕು ಎಂದು ಕೇಳಬೇಕು, ಅಂಥ ತೋಳು.

ಆ ಕೋಳಿ ಅಂಗಡಿಯವನು ಎರಡು ಮೂಟೆ ಪುಕ್ಕ, ಕರುಳು ತಂದು ನೀರಿಗೆ ಸುರಿಯುತ್ತಿದ್ದ. ವಿಶ್ವಾರಾಧ್ಯ ಸೀಟಿ ಊದಿದರು. ಅವನು ಹಸಿ ಮೂಟೆಯಿಂದಲೇ ಅವರ ಮುಖಕ್ಕೆ ಬಾರಿಸಿದ. ಕನ್ನಡಕ ಒಡೆದು ಹುಬ್ಬಿನಿಂದ ರಕ್ತ ಇಳಿಯಿತು. ಗಿರಿರಾಜ್ ಓಡಿ ಬಂದು ಅವನ ತೋರುಬೆರಳು ಹಿಡಿದು ಹಿಂದಕ್ಕೆ ಮಡಚಿದ. ಟಕ್ ಅಂತು, ಒಣ ಪುಳ್ಳೆ ಮುರಿದ ಹಾಗೆ.

"ಇನ್ನೊಂದು ಬೇಕೇನೋ? ಒಂಬತ್ತಿದೆ ಇನ್ನೂ," ಅಂದ.

ನಾವೆಲ್ಲ ಚಪ್ಪಾಳೆ ಹೊಡೆದೆವು. ಜಲಜಾ ಹಾಕಿದ ವಿಡಿಯೋವನ್ನು ಹತ್ತು ಲಕ್ಷ ಜನ ನೋಡಿದರು. ಸರಿ, ನಾನೂರು ಜನ. ಗಿರಿರಾಜನ ಹೆಂಡತಿ ಕವನಾ ಎಲ್ಲರಿಗೂ ಮಜ್ಜಿಗೆ ಹಂಚಲು ಬಂದವಳು ಅಲ್ಲೇ ನಿಂತಿದ್ದಳು. ಅವಳ ಎರಡು ಕೈಯಲ್ಲೂ ಲೋಟಗಳಿದ್ದವು. ಅದಕ್ಕೇ ಚಪ್ಪಾಳೆ ಹೊಡೆಯಲಿಲ್ಲ ಅಂದುಕೊಂಡೆ.

ಆಮೇಲೆ ಗಿರಿರಾಜನೇ ಒಂದು ರೂಲು ಮಾಡಿದ. ಏರಿಯ ಮೇಲೆ ಸಿಕ್ಕ ಪ್ರತಿ ಚೀಲವನ್ನೂ ನೀಲಿ ಟಾರ್ಪಾಲಿನ ಮೇಲೆ ಸುರಿದು, ಫೋಟೋ ಹೊಡೆದು, ಯಾರದೆಂದು ಪತ್ತೆ ಮಾಡಿ, ತಮಟೆ ಬಾರಿಸಿಕೊಂಡು ಅವರ ಬಾಗಿಲಿಗೇ ವಾಪಸ್ ಕೊಡುವುದು. ಯಾರೇ ಆಗಲಿ, ಬಿಡುವಂತಿಲ್ಲ.

ಪತ್ತೆ ಮಾಡುವ ಕೆಲಸ ನನ್ನದು. ನಾನು ಶಾಂತವ್ವ, ಮೂರನೇ ಕ್ಲಾಸಿಗೆ ಮೇಷ್ಟ್ರಿಗೇ ಬುದ್ಧಿ ಹೇಳಿ ಮನೆಗೆ ಬಂದವಳು. ಕಾಗದ ಓದಲು ಬರುವುದಿಲ್ಲ, ಕಸ ಓದುತ್ತೇನೆ. ಪುಟ್ಟ ಕುಡುಗೋಲಿನಿಂದ ಚೀಲ ಸೀಳಿ ಮೂಗು ಒಡ್ಡಿದರೆ ಸಾಕು, ಆ ಮನೆಯಲ್ಲಿ ಬಾಣಂತಿ ಇದ್ದಾಳೋ, ಸಕ್ಕರೆ ಕಾಯಿಲೆಯವರು ಕದ್ದು ಜಾಮೂನು ತಿನ್ನುತ್ತಾರೋ, ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ್ದಾರೋ, ಎಲ್ಲಾ ಹೇಳಿಬಿಡುತ್ತೇನೆ. ಪ್ರತಿ ಭಾನುವಾರ ಈ ಜಂಬ ಕೊಚ್ಚಿಕೊಳ್ಳುವುದನ್ನು ಕೆರೆಯ ಬಾತುಕೋಳಿಗಳೂ ಕೇಳಿ ಬೇಸತ್ತಿದ್ದವು. ಕವನಾ ಮಾತ್ರ ಬೇಸರವಿಲ್ಲದೆ ಕೇಳುತ್ತಿದ್ದಳು.

"ಏನು ಬೇಕಾದ್ರೂ ಓದ್ತೀರಾ ಅಜ್ಜಿ?" ಎಂದು ಒಂದು ಸಲ ಕೇಳಿದ್ದಳು.

"ನೀನು ಒಂದು ಚೀಲ ಎಸಿ, ನಿನ್ನ ಮೂರು ತಲೆಮಾರು ಹೇಳ್ತೀನಿ," ಅಂದಿದ್ದೆ.

ಆಮೇಲೆ ಎರಡು ವಾರ ಅವಳು ಬರಲಿಲ್ಲ. ಜ್ವರ ಅಂದ ಗಿರಿರಾಜ್.

ಮೂರನೆಯ ಭಾನುವಾರ ಬೆಳಿಗ್ಗೆ ಹೊಂಗೆ ಮರದ ಬುಡದಲ್ಲಿ ಒಂದು ಕರಿ ಚೀಲ ಸಿಕ್ಕಿತು. ಬುಡದಲ್ಲಿ ಅಂದರೆ, ನಾನು ದಿನಾ ಕೂರುವ ಕಲ್ಲಿನ ಮೇಲೆ. ಸೀಳಿ ಸುರಿದೆ. ರಕ್ತ ಹತ್ತಿದ ಹತ್ತಿ, ನೋವಿನ ಮಾತ್ರೆಯ ಖಾಲಿ ಹಾಳೆಗಳು, ಸ್ಟ್ರಾಗಳು, ಗಂಜಿ ಅಂಟಿದ ಜ್ಯೂಸ್ ಡಬ್ಬಿ, ಒಡೆದ ಹಸಿರು ಬಳೆ. ಬೆರಳು ದಪ್ಪದ ಒಂದು ಜೊಂಪೆ ಕೂದಲು, ತುದಿಗೆ ಕೆಂಪು ದಾರ ಕಟ್ಟಿತ್ತು.

ಸುತ್ತ ಹತ್ತು ಜನ ನಿಂತಿದ್ದರು. ನಾನು ಗಂಟಲು ಸರಿ ಮಾಡಿಕೊಂಡೆ.

"ಹಲ್ಲು ಕೀಳಿಸ್ಕೊಂಡಿದಾಳೆ, ಅದೂ ದವಡೆ ಹಲ್ಲು. ಗಂಜಿನ ಸ್ಟ್ರಾದಲ್ಲಿ ಹೀರ್ತಿದಾಳೆ, ಪಾಪ. ನೋವಿಗೆ ಕೈ ಗೋಡೆಗೆ ಬಡ್ಕೊಂಡು ಬಳೆ ಒಡ್ಕೊಂಡಿದಾಳೆ. ಮತ್ತೆ ಇದು ನೋಡ್ರೋ, ಚೌರಿ! ಜಡೆಗೆ ಸುಳ್ಳು ಕೂದಲು ಸೇರಿಸ್ಕೊಳ್ಳೋ ಸುಂದರಿ. ಅದಕ್ಕೂ ಬಿಳೀ ಸೀರು ಬೇರೆ ಹತ್ತಿದೆ, ಥೂ!"

ನಕ್ಕೂ ನಕ್ಕೂ ರುದ್ರೇಶ ತಮಟೆಯ ಮೇಲೆ ಬಿದ್ದ. ಜಲಜಾ ಒಂದೊಂದನ್ನೂ ಬಿಡಿಸಿಟ್ಟು ಫೋಟೋ ತೆಗೆದಳು. ತಳದಲ್ಲಿ ಒಂದು ಕೊರಿಯರ್ ಚೀಟಿ ಇತ್ತು. ಓದಿದವಳ ಮುಖ ಸಣ್ಣಗಾಯಿತು.

"ಅಜ್ಜಿ, ಗಿರಿರಾಜ್ ಅಂತಿದೆ. ನಮ್ಮ ಗಿರಿರಾಜ್."

ವಿಶ್ವಾರಾಧ್ಯ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. "ಮುಚ್ಚಿಬಿಡಿ. ಬಳಗದ ಮರ್ಯಾದೆ."

ಬಿಟ್ಟೇನೇ ನಾನು? ಹಬ್ಬ ಸಿಕ್ಕಿದ ಹಾಗಾಗಿತ್ತು. "ರೂಲ್ ಮಾಡಿದ್ದು ಅವನೇ ತಾನೆ? ಹೊಡಿಯೋ ರುದ್ರೇಶ!"

ಗಿರಿರಾಜ್ ಏರಿಯ ಆ ತುದಿಯಲ್ಲಿ ಗುಂಡಿ ತೋಡುತ್ತಿದ್ದ. ಕೂಗಿ ಹೇಳಿದಾಗ ನಗುತ್ತಲೇ ಬಂದ. ಟಾರ್ಪಾಲನ್ನು ಒಂದು ಸಲ ನೋಡಿದ. ಅವನ ಕಿವಿ ಮಾತ್ರ ಒಣ ಮೆಣಸಿನಕಾಯಿಯ ಹಾಗೆ ಕೆಂಪಗಾಯಿತು.

"ರೂಲ್ ಅಂದ್ರೆ ರೂಲ್ ಗುರು," ಅಂದ. "ನಡೀರಿ."

ಎರಡು ಬೀದಿ ತಮಟೆ ಬಾರಿಸಿಕೊಂಡು ಹೋದೆವು. ಅಕ್ಕಪಕ್ಕದವರು ಬಾಲ್ಕನಿಗೆ ಬಂದರು. ಕವನಾ ಬಾಗಿಲು ತೆರೆದಳು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಚೀಲವನ್ನು ನೋಡಿದಳು, ಆಮೇಲೆ ನನ್ನನ್ನು. ತಲೆಯನ್ನು ಅತ್ತ ಇತ್ತ ಆಡಿಸಿದಳು, ಬೇಡ ಬೇಡ ಎನ್ನುವ ಹಾಗೆ.

"ಹಲ್ಲು ಕೀಳಿಸ್ಕೊಂಡ್ರೆ ಹೇಳಬಾರ್ದೇನೇ? ಲವಂಗ ಕೊಡ್ತಿದ್ದೆ. ಆ ಚೌರಿಗೆ ಮಾತ್ರ ಬೇವಿನೆಣ್ಣೆ ಹಚ್ಚು!" ಅಂದೆ.

ಬೀದಿಯೆಲ್ಲ ನಕ್ಕಿತು. ಗಿರಿರಾಜ್ ಕೈ ಮುಗಿದು ಕ್ಷಮೆ ಕೇಳಿದ, ಜಲಜಾ ವಿಡಿಯೋ ಮಾಡಿದಳು. ಅವನು ಚೀಲವನ್ನು ಎತ್ತಿಕೊಂಡು, ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ಒಳಗೆ ಹೋದ. ಬಾಗಿಲು ಮುಚ್ಚಿತು.

ಮನೆಗೆ ಬಂದು ಸ್ನಾನ ಮಾಡಿ ತಲೆ ಬಾಚಲು ಕೂತೆ. ಎದುರಿಗೆ ನನ್ನ ಗಂಡ ಜಂಬಣ್ಣನ ಫೋಟೋ. ನನ್ನ ಬಾಯಿಗೆ ಹೆದರಿ ಸತ್ತ ಎನ್ನುತ್ತಾರೆ ಜನ, ಸುಳ್ಳು. ಒಂದೇ ಒಂದು ಸಲ ಅವನು ನನ್ನ ಮೇಲೆ ಕೈ ಎತ್ತಿದ್ದ, ನಾನು ಕಾದ ರೊಟ್ಟಿ ಹಂಚು ಎತ್ತಿದೆ. ಆಮೇಲೆ ನಲವತ್ತು ವರ್ಷ ಇಬ್ಬರೂ ಏನನ್ನೂ ಎತ್ತಲಿಲ್ಲ.

ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ ಗಂಟು ಮಾಡಿದೆ. ಥೂ ಎಂದು ಮೂರು ಸಲ ಉಗಿದು ಎಸೆಯಬೇಕು. ಹೆಣ್ಣಾಗಿ ಹುಟ್ಟಿದವಳು ಉದುರಿದ ಕೂದಲನ್ನು ಹಾಗೇ ಬಿಸಾಡುವುದಿಲ್ಲ. ಉಗಿಯಲು ಬಾಯಿ ತೆರೆದವಳು ಹಾಗೇ ಕೂತೆ. ಗಂಟಿನಿಂದ ಹೊರಬಂದ ಒಂದು ಎಳೆಯ ತುದಿಯಲ್ಲಿ ಚುಕ್ಕಿಯಷ್ಟು ಬಿಳಿಯ ಬೇರು ಕಾಣುತ್ತಿತ್ತು.

ಸೀರು ಕೂದಲುದ್ದಕ್ಕೂ ಅಲ್ಲಲ್ಲಿ ಅಂಟಿರುತ್ತದೆ. ಬೆಳಿಗ್ಗೆ ನಾನು ಕಂಡ ಬಿಳಿ ಚುಕ್ಕೆಗಳು ಒಂದೇ ತುದಿಯಲ್ಲಿ, ಸಾಲಾಗಿ, ದಾರದ ಪಕ್ಕದಲ್ಲಿದ್ದವು. ಚೌರಿಗೆ ಬೇರು ಇರುವುದಿಲ್ಲ. ಒಂದು ಹಿಡಿ ಕೂದಲನ್ನು ಬುಡದಿಂದ ಕಿತ್ತಿದ್ದರು. ಅದನ್ನು ಯಾರೋ ಆರಿಸಿ, ಚೆದುರದ ಹಾಗೆ ದಾರ ಕಟ್ಟಿದ್ದರು. ಕಟ್ಟಿ, ನಾನು ಕೂರುವ ಕಲ್ಲಿನ ಮೇಲೆ ಇಟ್ಟಿದ್ದರು.

ಅದು ಕಸವಲ್ಲ, ನನಗೆ ಬಂದ ಕಾಗದ. ನಾನು ಅದನ್ನು ಬರೆದವಳ ಗಂಡನ ಕೈಗೆ, ತಮಟೆ ಬಾರಿಸಿ, ಕೊಟ್ಟು ಬಂದಿದ್ದೆ.

ರುದ್ರೇಶನಿಗೆ ಫೋನು ಮಾಡಿದೆ. ಅವನ ಆಟೋ ಅಷ್ಟು ಜೋರಾಗಿ ಅವನ ಮದುವೆಗೂ ಓಡಿರಲಿಲ್ಲ. ದಾರಿಯಲ್ಲಿ ವಿಶ್ವಾರಾಧ್ಯರಿಗೂ ಮಾಡಿದೆ.

"ಗಂಡ ಹೆಂಡ್ತಿ ವಿಷಯ ಶಾಂತವ್ವ. ನಾವು ಕೆರೆಯವರು," ಅಂದರು.

"ನಿಮ್ಮ ಹುಬ್ಬು ಒಡೆದಾಗ ಅದು ಕೆರೆ ವಿಷಯ ಆಗಿತ್ತಾ?" ಎಂದು ಫೋನು ಇಟ್ಟೆ.

ಗಿರಿರಾಜನ ಮನೆಯಲ್ಲಿ ಟಿವಿ ಕಿರುಚುತ್ತಿತ್ತು. ಅದರ ಕೆಳಗೆ ಇನ್ನೊಂದು ಸದ್ದು, ಅಕ್ಕಿ ಮೂಟೆಯನ್ನು ನೆಲಕ್ಕೆ ಎತ್ತೆತ್ತಿ ಹಾಕಿದ ಹಾಗೆ. ಬಾಗಿಲು ಬಡಿದೆ. ಸದ್ದು ನಿಂತಿತು. ಬಾಗಿಲು ಗೇಣಗಲ ತೆರೆಯಿತು. ಗಿರಿರಾಜನ ಎದೆಯವರೆಗೂ ಬೆವರು, ಬೆರಳ ಗೆಣ್ಣುಗಳು ಸಿಪ್ಪೆ ಎದ್ದಿದ್ದವು.

"ಏನಜ್ಜಿ, ಮತ್ತೆ ಕಸ ತಂದ್ರಾ?"

"ಇಲ್ಲ ಕಣೋ, ತಗೊಂಡ್ಹೋಗೋಕೆ ಬಂದೆ."

ಬಾಗಿಲ ಸಂದಿಗೆ ಬಲಗೈ ತುರುಕಿದೆ. ಅವನು ಮೈಭಾರ ಪೂರ್ತಿ ಹಾಕಿ ಬಾಗಿಲು ಒತ್ತಿದ. ಟಕ್ ಅಂತು. ಕೋಳಿ ಅಂಗಡಿಯವನ ಬೆರಳಿನದೇ ಸದ್ದು, ಈ ಸಲ ನನ್ನ ಮಣಿಕಟ್ಟಿನಿಂದ ಬಂತು. ಕೈ ತೆಗೆಯಲಿಲ್ಲ. ತೆಗೆದಿದ್ದರೆ ಚಿಲಕ ಬೀಳುತ್ತಿತ್ತು.

"ಬಾರ್ಸೋ ರುದ್ರೇಶ! ಬೀದೀನೇ ಎಬ್ಬಿಸೋ!"

ರುದ್ರೇಶ ತಮಟೆಗೆ ಬಡಿದ ಬಡಿತಕ್ಕೆ ನಾಗರಬಾವಿ ಸರ್ಕಲ್ಲಿನಲ್ಲಿ ಬಸ್ಸುಗಳು ನಿಂತಿರಬೇಕು. ಬಾಲ್ಕನಿಗಳು ಮತ್ತೆ ತುಂಬಿದವು. ಈ ಸಲ ಯಾರೂ ನಗಲಿಲ್ಲ. ರುದ್ರೇಶ ಹೆಗಲು ಕೊಟ್ಟು ಬಾಗಿಲನ್ನು ಒಳಕ್ಕೆ ನುಗ್ಗಿಸಿದ. ಗಿರಿರಾಜ್ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿ ಬೀಸಿದ. ತಮಟೆ ಅಡ್ಡ ಬಂತು, ಚರ್ಮ ಹರಿದು ಹಾರೆ ರುದ್ರೇಶನ ಭುಜಕ್ಕೆ ಇಳಿಯಿತು. ಅವನು ಮಂಡಿಯೂರಿ ಬಿದ್ದ, ಆದರೆ ಗಿರಿರಾಜನ ಕಾಲನ್ನು ತಬ್ಬಿಕೊಂಡು ತೊಡೆಗೆ ಹಲ್ಲು ಹಾಕಿದ. ಹಾರೆ ಮತ್ತೆ ಮೇಲಕ್ಕೆ ಹೋಯಿತು.

ಆಗ ನನ್ನ ಹಿಂದಿನಿಂದ ವಿಶ್ವಾರಾಧ್ಯ ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಪಂಚೆಯಲ್ಲೇ ಓಡಿ ಬಂದಿದ್ದರು. ಕಸ ಎತ್ತುವ ಕಬ್ಬಿಣದ ಚಿಮ್ಮಟದಿಂದ ಗಿರಿರಾಜನ ಮೂಗಿನ ಮೇಲೆ ಒಂದು ಬಾರಿಸಿದರು, ಇನ್ನೊಂದು, ಮತ್ತೊಂದು. ಹಾರೆ ಕೆಳಗೆ ಬಿತ್ತು, ಹಿಂದೆಯೇ ಗಿರಿರಾಜ್. ತೊಂಬತ್ತು ಕೇಜಿಯ ಅಧ್ಯಕ್ಷರು ಅವನ ಎದೆಯ ಮೇಲೆ ಕೂತು, ಮುಖಕ್ಕೆ ಗುದ್ದುತ್ತಾ, ಅಳುತ್ತಾ, ಸೀಟಿ ಊದತೊಡಗಿದರು.

ನಾನು ಒಳಗೆ ಹೋದೆ.

ಅಡುಗೆಮನೆಯ ನೆಲದ ಮೇಲೆ ಕವನಾ ಇದ್ದಳು. ಸಸಿಗಳನ್ನು ಕೋಲಿಗೆ ಕಟ್ಟುವ ಸೆಣಬಿನ ಹುರಿಯಿಂದ ಅವಳ ಕೈಗಳನ್ನು ಹಿಂದಕ್ಕೆ ಕಟ್ಟಿದ್ದ. ಬೆಳಿಗ್ಗೆಯ ಕಸವೆಲ್ಲ ಅವಳ ಸುತ್ತ ಚೆಲ್ಲಿತ್ತು. ಹೊಸದೊಂದು ಕರಿ ಚೀಲ ಅವಳ ತಲೆಗೆ ಹಾಕಿ ಕುತ್ತಿಗೆಗೆ ಬಿಗಿದಿದ್ದ. ಚೀಲ ಬಾಯಿಯೊಳಕ್ಕೆ ಎಳೆದುಕೊಂಡು ಮುಖಕ್ಕೆ ಅಂಟಿತ್ತು. ಮತ್ತೆ ಉಬ್ಬಲಿಲ್ಲ.

ಬಲಗೈ ಜೋತಾಡುತ್ತಿತ್ತು. ಎಡಗೈಯಿಂದ ಸೊಂಟದ ಕುಡುಗೋಲು ತೆಗೆದೆ. ನಾನು ಎಷ್ಟು ಚೀಲ ಸೀಳಿದ್ದೇನೋ, ಕೋಟಿ ಅನ್ನುತ್ತಿದ್ದೆ ಬೇರೆ ದಿನವಾಗಿದ್ದರೆ. ಬಾಯಿಯ ಜಾಗದಲ್ಲಿ ತುದಿ ತಾಗಿಸಿ ಎಳೆದೆ. ತುಟಿಯೂ ಸ್ವಲ್ಪ ಸೀಳಿತು. ರಕ್ತ ಬಂತು, ಅದರ ಹಿಂದೆ ಉಸಿರು ಬಂತು, ಬಾವಿಯಿಂದ ಕೊಡ ಎಳೆದ ಹಾಗೆ ದೊಡ್ಡ ಉಸಿರು.

ಕವನಾಳ ದವಡೆ ಎರಡು ಕಡೆ ಮುರಿದಿತ್ತು. ಒಂದು ಕಡೆಯದು ಎರಡು ವಾರ ಹಳೆಯದು ಅಂದರು ಡಾಕ್ಟರು.

ಬಾತ್‌ರೂಮಿನಲ್ಲಿ ಜಾರಿ ಬಿದ್ದಳು, ಈ ಮುದುಕಿ ಮನೆಗೆ ನುಗ್ಗಿದಳು ಎಂದು ಗಿರಿರಾಜ್ ಪೊಲೀಸರಿಗೆ ಹೇಳಿದ. ನಾವು ಕವನಾಳನ್ನು ಆಸ್ಪತ್ರೆಗೆ ಒಯ್ದಿದ್ದಾಗ ಅವನ ಅಣ್ಣ ಬಂದು ಬೆಳಿಗ್ಗೆಯ ಕಸವನ್ನೆಲ್ಲ ಗುಡಿಸಿ ಸುಟ್ಟಿದ್ದ. ಆಗ ಜಲಜಾ ಫೋನು ತೆಗೆದಳು. ನೀಲಿ ಟಾರ್ಪಾಲಿನ ಮೇಲೆ ಹತ್ತಿ, ಬಳೆ, ಮಾತ್ರೆ ಹಾಳೆ, ಕೊರಿಯರ್ ಚೀಟಿ, ದಾರ ಕಟ್ಟಿದ ಕೂದಲು, ಒಂದೊಂದೂ ಬೇರೆ ಬೇರೆ. ಬಳಗದ ಮರ್ಯಾದೆ ಎನ್ನುತ್ತಿದ್ದ ವಿಶ್ವಾರಾಧ್ಯರೇ ಸಾಕ್ಷಿಗೆ ಮೊದಲ ಸಹಿ ಹಾಕಿದರು. ಎರಡನೆಯ ಹೆಬ್ಬೆಟ್ಟು ನನ್ನದು, ಎಡಗೈಯದು.

ಎಂಟನೆಯ ದಿನ ಆಸ್ಪತ್ರೆಗೆ ಹೋದೆ. ಕವನಾಳ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಒಂದು ಹಾಳೆಯ ಮೇಲೆ ಬರೆದು ಕೊಟ್ಟಳು. ಜಲಜಾ ಓದಿದಳು.

"ಫೋನ್ ಕಿತ್ಕೊಂಡಿದ್ರು. ಮಾತಾಡಕ್ಕೆ ಆಗ್ತಿರ್ಲಿಲ್ಲ. ಯಾರ ಮನೆಗೆ ಹೋಗ್ಲಿ, ಎಲ್ಲಾರೂ ಅವ್ರಿಗೆ ಚಪ್ಪಾಳೆ ಹೊಡೆಯೋರೇ. ಚೀಟಿ ಬರೆದಿಟ್ರೆ ಅವ್ರ ಕೈಗೇ ಸಿಕ್ರೆ ಅಂತ ಭಯ. ಕಸ ಆದ್ರೆ ಅಜ್ಜಿ ಓದ್ತಾರೆ ಅಂದ್ಕೊಂಡೆ."

"ತಪ್ಪು ಓದಿದೆ ಕಣೇ," ಅಂದೆ. ಜಂಬಣ್ಣ ಇದ್ದಿದ್ದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದ.

ಅವಳ ತಲೆ ಎಂಟು ದಿನದಿಂದ ಬಾಚಿರಲಿಲ್ಲ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಪಟ್ಟಿ, ಎಡಗೈಯಲ್ಲೇ ಬಾಚಿದೆ, ಕಿವಿಯ ಹಿಂದೆ ಬೋಳಾಗಿದ್ದ ಜಾಗ ಬಿಟ್ಟು. ಬಾಚಣಿಗೆಗೆ ನಾಲ್ಕು ಎಳೆ ಬಂತು. ಅವಳು ಕೈ ಚಾಚಿ ತೆಗೆದುಕೊಂಡು ಬೆರಳಿಗೆ ಸುತ್ತಿ ಗಂಟು ಮಾಡಿದಳು. ಉಗಿಯಲು ಹೋದಳು. ತಂತಿ ಬಿಡಲಿಲ್ಲ. ನನ್ನ ಮುಖ ನೋಡಿದಳು.

"ಕೊಡೇ ಇಲ್ಲಿ," ಅಂದೆ. "ನಿನ್ನ ಪಾಲಿಂದೂ ನಾನೇ ಉಗೀತೀನಿ."

ಮೂರು ಸಲ ಉಗಿದೆ. ನರ್ಸಮ್ಮ ಬೈಯುತ್ತಾ ಓಡಿ ಬಂದಳು.