ಏಳಾದ ಮೇಲೆ ಎಂಟಿಲ್ಲ

1979ರ ಜೂನ್ ನಾಲ್ಕು, ಸೋಮವಾರ, ಸಬೀರಾಳ ಕೈಗೆ ರಸ್ತೆ ದುರಸ್ತಿಯ ರಿಜಿಸ್ಟರು ಬಂತು. ಮಂಗಳವಾರ ಅವಳು ರಸ್ತೆ ನೋಡಿದಳು. ಬುಧವಾರ ಅಂಕೆಗಳನ್ನು ಪರೀಕ್ಷಿಸಿದಳು. ಗುರುವಾರ ಮೇಸ್ತ್ರಿಯನ್ನು ಕಂಡಳು. ಶುಕ್ರವಾರ ಸಂಜೆ ಐದರೊಳಗೆ ವರದಿ ಎಂಜಿನಿಯರರ ಮೇಜಿನ ಮೇಲಿರಬೇಕಿತ್ತು.

ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ಅವಳನ್ನು ಯಲಹಂಕದ ರಸ್ತೆ ಕಚೇರಿ ಆರು ತಿಂಗಳ ಮಟ್ಟಿಗೆ ನೇಮಿಸಿಕೊಂಡಿತ್ತು. ದಿನವೂ ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಯಲಹಂಕಕ್ಕೆ ಬರುತ್ತಿದ್ದಳು. ಎಂಜಿನಿಯರ್ ವೆಂಕಟರಾಮಯ್ಯನವರು ರಿಜಿಸ್ಟರನ್ನು ಅವಳ ಮುಂದಿಟ್ಟು ಮಾತನ್ನು ಚುಟುಕಾಗಿ ಮುಗಿಸಿದ್ದರು.

"ಕೋಗಿಲು ರಸ್ತೇಲಿ ಗುಂಡಿ ಮುಚ್ಚಿದ್ದೀವಿ ಅಂತ ಇದರಲ್ಲಿದೆ. ಮುಚ್ಚಿಲ್ಲ ಅಂತ ಬಸ್ ಡ್ರೈವರುಗಳು ದಿನಾ ಬೈತಾರೆ. ಜನ ಅಷ್ಟೇ, ಡಾಂಬರು ಅಷ್ಟೇ, ಕೆಲಸ ಮಾತ್ರ ಎಲ್ಲಿ ಸೋರಿಹೋಗ್ತಿದೆ ಅನ್ನೋದು ನನಗೆ ಬೇಕು. ಗುಂಡಿ ಮುಚ್ಚೋ ಗ್ಯಾಂಗಿನ ಮೇಸ್ತ್ರಿ ಚಿಕ್ಕಬೈರಪ್ಪನ್ನ ಕಾಯಂ ಮಾಡೋ ಫೈಲೂ ನನ್ನ ಹತ್ರಾನೇ ಇದೆ. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಸುಳ್ಳು ಬರೆದಿದ್ರೆ ಕಾಯಂ ಹಾಗಿರಲಿ, ಮನೆಗೆ ಕಳಿಸ್ತೀನಿ. ನಿನ್ನ ವರದಿ ನೋಡಿ ರುಜು ಹಾಕ್ತೀನಿ."

ಒಬ್ಬ ಮನುಷ್ಯನ ಅನ್ನ ತನ್ನ ವರದಿಗೆ ಅಂಟಿಕೊಂಡಿದೆ ಎಂಬುದನ್ನು ಸಬೀರಾ ಗಮನಿಸಿದಳು. ಹಾಗೆಂದು ಲೆಕ್ಕವನ್ನು ಸಡಿಲಿಸುವ ಜಾಯಮಾನ ಅವಳದಾಗಿರಲಿಲ್ಲ.

ಮೇ ತಿಂಗಳಿನ ನಮೂದುಗಳು ಹದಿನೇಳು. ಪ್ರತಿಯೊಂದರ ಎದುರೂ ಸ್ಥಳದ ಗುರುತು ಇತ್ತು: 1/3, 2/6, 3/7, ಹೀಗೆ. ಗೆರೆಯ ಮುಂಚಿನದು ಕಿಲೋಮೀಟರು, ನಂತರದ್ದು ನೂರು ಮೀಟರಿನ ಲೆಕ್ಕ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದರು. ಮೇಸ್ತ್ರಿ ಕಳಿಸಿದ ಚೀಟಿಯಿಂದ ಅದನ್ನು ಇಳಿಸಿಕೊಂಡವರು ಮೇಲ್ವಿಚಾರಕ ಕಾಶಿನಾಥ. "ಖುದ್ದು ನೋಡಿ ದೃಢೀಕರಿಸಿದೆ" ಎಂಬ ಷರಾವೂ ಅದರ ಕೆಳಗಿನ ರುಜುವೂ ಅವರದೇ.

ಮಂಗಳವಾರ ಅವಳು ಬಸ್ಸಿನಲ್ಲಿ ಹೋಗಿ, ಅಲ್ಲಲ್ಲಿ ಇಳಿದು, ಕಿಲೋಮೀಟರು ಕಲ್ಲಿನಿಂದ ಟೇಪು ಹಿಡಿದು ಅಳೆದಳು. ಹದಿನೇಳು ಸ್ಥಳಗಳ ಪೈಕಿ ಹನ್ನೊಂದರಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. ಉಳಿದ ಆರರಲ್ಲಿ ಗುಂಡಿಯೂ ಇರಲಿಲ್ಲ, ತೇಪೆಯೂ ಇರಲಿಲ್ಲ, ರಸ್ತೆ ಸಪಾಟಾಗಿತ್ತು. 1/3ರಲ್ಲಿ, ಮೋರಿಯ ಪಕ್ಕದ ಗುಂಡಿಯೊಳಗೆ ಕೈಹಾಕಿ ನೋಡಿದಳು. ಡಾಂಬರಿನ ಒಂದು ಹಳುಕೂ ಸಿಗಲಿಲ್ಲ. ಅಂಚಿನಲ್ಲಿ ಹುಲ್ಲು ಬೆಳೆದಿತ್ತು. ಅದಕ್ಕಿಂತ ವಿಚಿತ್ರವೆಂದರೆ, ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಕಡೆಗಳಲ್ಲಿ ಹೊಸ ತೇಪೆಗಳು ಕರ್ರಗೆ ಮಿರುಗುತ್ತಿದ್ದವು. ಒಂದಂತೂ ಜಮೀನುದಾರ ವೀರಬಸಪ್ಪನವರ ಸಪೋಟ ತೋಟದ ಗೇಟಿನ ಎದುರಿಗೇ ಇತ್ತು. 'ಯಾರ ಹಿತಕ್ಕೆ?' ಎಂದು ಅವಳು ಟಿಪ್ಪಣಿ ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದಳು.

ಸಂಜೆ ಕಾಶಿನಾಥ ಕಾಫಿ ಲೋಟ ಹಿಡಿದು ಅವಳ ಮೇಜಿಗೆ ಬಂದರು.

"ಏನ್ ಸಮಾಚಾರಮ್ಮಾ? ಬಿಸಿಲಲ್ಲಿ ಬೆಂದುಹೋಗಿದ್ದೀಯ."

"ಸರ್, ಒಂದು ಬಾರ್ ಮೂರರಲ್ಲಿ ಗುಂಡಿ ಹಾಗೇ ಇದೆ. ನೀವು ನೋಡಿದ್ದೀರಿ ಅಂತ ರುಜು ಇದೆಯಲ್ಲ?"

"ಮೋರಿ ಪಕ್ಕದ್ದು ತಾನೆ? ನಾನು ನೋಡ್ದಾಗ ಮುಚ್ಚಿತ್ತು. ಆ ಬೈರಪ್ಪ ಹಾಕೋ ತೇಪೆ ಒಂದು ಮಳೆ ತಡಿಯಲ್ಲ ಕಣಮ್ಮಾ. ಕಾಯಂ ಬೇರೆ ಮಾಡಿಬಿಟ್ರೆ ನಮ್ಮ ತಲೆ ಮೇಲೇ ಕೂತ್ಕೋತಾನೆ. ಸರಿಯಾಗಿ ಬರಿ."

ಬುಧವಾರ ಅವಳು ಹಿಂದಿನ ಮೂರು ತಿಂಗಳ ಪುಟಗಳನ್ನೂ ತೆಗೆದಳು. ಒಟ್ಟು ನೂರ ಹನ್ನೆರಡು ನಮೂದುಗಳು. ಗೆರೆಯ ನಂತರದ ಅಂಕೆಗಳನ್ನು ಪಟ್ಟಿ ಮಾಡಿದಾಗ ಸೊನ್ನೆಯಿಂದ ಏಳರವರೆಗೆ ಎಲ್ಲವೂ ಬಂದಿದ್ದವು. ಎಂಟು ಒಂದು ಸಲವೂ ಬಂದಿರಲಿಲ್ಲ, ಒಂಬತ್ತೂ ಇಲ್ಲ. ಗುಂಡಿಗಳು ರಸ್ತೆಯ ಉದ್ದಕ್ಕೂ ತಮ್ಮಷ್ಟಕ್ಕೆ ಬಿದ್ದಿದ್ದರೆ ಆ ಎರಡು ಅಂಕೆಗಳು ಸೇರಿ ಸುಮಾರು ಇಪ್ಪತ್ತೆರಡು ಸಲ ಬರಬೇಕಿತ್ತು. ಮನಸ್ಸಿನಿಂದ ಅಂಕೆ ಹುಟ್ಟಿಸುವವನಿಗೆ ಕೆಲವು ಅಂಕೆಗಳ ಮೇಲೆ ಒಲವು, ಕೆಲವು ನೆನಪಿಗೇ ಬಾರವು. ಇದಕ್ಕಿಂತ ಸಾಕ್ಷಿ ಬೇಕೆ? ಅವಳು ವರದಿಯ ಕರಡು ಬರೆದಳು: ನಮೂದುಗಳು ಕಲ್ಪಿತ, ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುವುದು ಸೂಕ್ತ.

ಆರೋಪಿಯ ಉತ್ತರವಿಲ್ಲದ ವರದಿ ಅಪೂರ್ಣ ಎನ್ನಿಸಿದ್ದರಿಂದಷ್ಟೇ ಗುರುವಾರ ಬೆಳಿಗ್ಗೆ ಅವಳು ಗ್ಯಾಂಗಿನ ಬಳಿ ಹೋದಳು. ಕೋಗಿಲು ದಾಟಿದ ಮೇಲೆ ರಸ್ತೆಬದಿಯಲ್ಲಿ ಡಾಂಬರಿನ ಡ್ರಮ್ಮು ಹೊಗೆಯಾಡುತ್ತಿತ್ತು. ಗಟ್ಟಿಮುಟ್ಟಾದ ಹೆಂಗಸೊಬ್ಬಳು, ಮುನಿಗಂಗಮ್ಮ, ಜಲ್ಲಿಯ ಮೇಲೆ ದಿಮ್ಮಸು ಹೊಡೆಯುತ್ತಿದ್ದವಳು ಕೈ ನಿಲ್ಲಿಸಿ ನಕ್ಕಳು.

"ಬನ್ನಿ ಅಮ್ಮಣ್ಣಿ. ಮೊನ್ನೆ ಬಗ್ಗಿ ಬಗ್ಗಿ ಗುಂಡಿ ಮುಟ್ತಿದ್ದೋರು ನೀವೇ ಅಲ್ವಾ? ಗುಂಡಿ ಎಣಿಸಾಕೂ ಕಾಲೇಜು ಓದ್ಬೇಕಾ?"

"ಸುಮ್ಕಿರಮ್ಮಿ ನೀನು," ಎನ್ನುತ್ತ ಚಿಕ್ಕಬೈರಪ್ಪ ತಲೆಯ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಅವನ ವಿನಯವೂ ಆ ಕ್ಷಣ ಸಬೀರಾಳಿಗೆ ನಟನೆಯಂತೆ ಕಂಡಿತು.

"ಮೇಸ್ತ್ರಿಗಳೇ, ನಾಲ್ಕು ತಿಂಗಳ ಚೀಟಿಗಳಲ್ಲಿ ಎಂಟು, ಒಂಬತ್ತು ಒಂದು ಸಲಾನೂ ಇಲ್ಲ. ಯಾಕೆ?"

ಅವನು ಪ್ರಶ್ನೆಯೇ ಅರ್ಥವಾಗದವನಂತೆ ಅವಳ ಮುಖ ನೋಡಿದ.

"ಎಂಟು ಎಂಗೆ ಬತ್ತದೆ ಅಮ್ಮಣ್ಣಿ? ಏಳಾದ್ ಮ್ಯಾಕೆ ಮೈಲಿಕಲ್ಲೇ ಬಂದ್ಬುಡ್ತದಲ್ಲ. ಮೈಲಿಗೆ ಎಂಟೇ ಫರ್ಲಾಂಗು. ಒಂಬತ್ನೇದು ನಾನೆಲ್ಲಿಂದ ತರ್ಲಿ?"

"ಓದ್ದೋರಿಗೆ ಏಳಾದ್ ಮ್ಯಾಕೆ ಎಂಟು," ಎಂದಳು ಮುನಿಗಂಗಮ್ಮ. "ನಮಗೆ ಏಳಾದ್ ಮ್ಯಾಕೆ ಮೈಲಿ, ಮೈಲಿ ಆದ್ ಮ್ಯಾಕೆ ಮುದ್ದೆ."

"ಎರಡು ವರ್ಷದ ಹಿಂದೆ ಕಲ್ಲು ಬದಲಾಯಿಸಿದರಲ್ಲ? ಈಗಿರೋದು ಕಿಲೋಮೀಟರು."

"ಬದಲಾಯ್ಸಿದ್ರು. ಹಳೇ ಕಲ್ಲು ಕಿತ್ತು ಚರಂಡಿಗೆ ಎಸೆದ್ರು. ಗ್ಯಾಂಗಿನವ್ರು ಲೆಕ್ಕ ಬದಲಾಯ್ಸಿ ಅಂತ ಯಾರೂ ಯೋಳ್ಲಿಲ್ಲ. ಹತ್ತೊಂಬತ್ತು ವರ್ಸ ನಡೆದಿವ್ನಿ. ಯಾವ ಫರ್ಲಾಂಗು ಎಲ್ಲಿತ್ತು ಅಂತ ಈ ಕಾಲಿಗೇ ಗೊತ್ತು."

ಸಿಕ್ಕಿಬಿದ್ದವನು ಹೇಳುವ ಮಾತೂ ಹೀಗೇ ಇರಬಹುದು. ಸಬೀರಾ ಅವನನ್ನು ನಂಬಲಿಲ್ಲ. "ನಾನೇ ತೋರಿಸ್ತೀನಿ ಬನ್ನಿ" ಎಂದಾಗಲೂ ಬೇಡವೆಂದಳು. ಮರದ ನೆರಳಿನಲ್ಲಿ ಕುಳಿತು ಹದಿನೇಳು ಸ್ಥಳಗಳನ್ನೂ ಮೈಲಿ, ಫರ್ಲಾಂಗು ಎಂದೆಣಿಸಿ ಮೀಟರಿಗೆ ಪರಿವರ್ತಿಸಿದಳು. 1/3 ಎಂದರೆ ಎರಡು ಸಾವಿರದ ಇನ್ನೂರ ಹದಿಮೂರು ಮೀಟರು. 2/6 ಎಂದರೆ ನಾಲ್ಕು ಸಾವಿರದ ನಾನೂರ ಇಪ್ಪತ್ತಾರು. ಆಮೇಲೆ ಟೇಪು ಹಿಡಿದು ಒಬ್ಬಳೇ ಹೊರಟಳು.

ಮೊದಲ ತೇಪೆ ಸಿಕ್ಕಿತು. ಎರಡನೆಯದೂ ಸಿಕ್ಕಿತು. ಮೂರನೆಯದರಲ್ಲಿ ಏನೂ ಕಾಣದೆ ಅವಳ ಅನುಮಾನ ಮತ್ತೆ ಹೆಡೆ ಎತ್ತಿತು. ಮೂವತ್ತೆಂಟು ಮೀಟರು ಮುಂದೆ ಹೋದಾಗ ಅದೂ ಸಿಕ್ಕಿತು. ನಡೆದು ಅಂದಾಜಿಸುವವನ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಸಹಜ. 2/6 ಅವಳನ್ನು ನೇರವಾಗಿ ಸಪೋಟ ತೋಟದ ಗೇಟಿಗೆ ತಂದು ನಿಲ್ಲಿಸಿತು. ಬಿಸಿಲು ಇಳಿಯುವ ಹೊತ್ತಿಗೆ ಹದಿನೇಳು ತೇಪೆಗಳೂ ಸಿಕ್ಕಿದ್ದವು. ಎಲ್ಲೂ ಜಲ್ಲಿ ಎದ್ದಿರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳ ಅನುಮಾನ ಆರಲಿಲ್ಲ, ಮಗ್ಗುಲು ಬದಲಿಸಿತು. ಮೋರಿಯ ಪಕ್ಕ ಡಾಂಬರೇ ಬಿದ್ದಿಲ್ಲವೆಂದಾದರೆ, ಅಲ್ಲಿ ಮುಚ್ಚಿದ ಗುಂಡಿಯನ್ನು ನೋಡಿದವರು ಯಾರು?

ಶುಕ್ರವಾರ ಕಾಶಿನಾಥ ತಾವಾಗಿಯೇ ಬಂದರು. "ಆಯ್ತೇನಮ್ಮಾ ವರದಿ?"

"ಒಂದು ಸಣ್ಣ ವಿವರ ಬೇಕಿತ್ತು ಸರ್. ಮೋರಿ ಪಕ್ಕದ ಗುಂಡಿ ನೀವು ನೋಡಿದ್ದು ಯಾವ ತಾರೀಖು?"

"ಮೇ ಹದಿನೆಂಟು. ರಿಜಿಸ್ಟರಲ್ಲೇ ಇದೆಯಲ್ಲ. ಸ್ಕೂಟರ್ ನಿಲ್ಲಿಸಿ, ಕಾಲಲ್ಲಿ ಒತ್ತಿ ನೋಡ್ದೆ."

"ಆ ತೇಪೆ ಮೋರಿಯಿಂದ ಒಂಬೈನೂರು ಮೀಟರು ಆಚೆಗಿದೆ ಸರ್. ಮೋರಿ ಹತ್ರ ಗ್ಯಾಂಗು ಕೆಲಸಾನೇ ಮಾಡಿಲ್ಲ. ಗುಂಡಿ ಅಂಚಲ್ಲಿ ಹುಲ್ಲು ಬೆಳೆದಿದೆ."

ಕಾಶಿನಾಥ ಕೈಯಲ್ಲಿದ್ದ ಕಾಫಿ ಲೋಟವನ್ನು ಅವಳ ಮೇಜಿನ ಮೇಲಿಟ್ಟರು. "ಉಳಿದ ಹದಿನಾರು ಕಡೆಯೂ ಕಿಲೋಮೀಟರು ಲೆಕ್ಕದ ಜಾಗದಲ್ಲಿ ತೇಪೆ ಇಲ್ಲ ಸರ್. ಅಲ್ಲೆಲ್ಲ ಏನು ನೋಡಿ ರುಜು ಹಾಕಿದ್ರಿ?" ಎಂದು ಅವಳು ಕೇಳಿದಳು.

"ಆರು ತಿಂಗಳಿಗೆ ಬಂದೋಳು ನೀನು," ಎಂದರು ಅವರು ದನಿ ತಗ್ಗಿಸಿ. "ಇಲ್ಲಿ ಇನ್ನೂ ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಅವಳು ಬುಧವಾರದ ಕರಡನ್ನು ಹರಿದು ಹೊಸ ಹಾಳೆ ತೆಗೆದಳು. ಐದಕ್ಕೆ ಹತ್ತು ನಿಮಿಷ ಇರುವಾಗ ವೆಂಕಟರಾಮಯ್ಯನವರು ವರದಿಯ ಕೊನೆಯ ಭಾಗವನ್ನು ಎರಡು ಸಲ ಓದಿದರು:

"ತೀರ್ಮಾನ: ಮೇ ತಿಂಗಳ ಹದಿನೇಳು ಗುಂಡಿಗಳನ್ನೂ ಮೇಸ್ತ್ರಿ ಚಿಕ್ಕಬೈರಪ್ಪನವರು ಮುಚ್ಚಿದ್ದಾರೆ, ಅವರು ಸ್ಥಳಗಳನ್ನು ಮೈಲಿ ಮತ್ತು ಫರ್ಲಾಂಗಿನಲ್ಲಿ ಗುರುತಿಸಿದ್ದಾರೆ. ಮೇಲ್ವಿಚಾರಕರು ರುಜು ಹಾಕಿದ ಹದಿನೇಳು ಸ್ಥಳಪರಿಶೀಲನೆಗಳಲ್ಲಿ ಒಂದೂ ನಡೆದಿಲ್ಲ."