ದುಂಡವ್ವನ ಚಪ್ಪಲಿ

ಒಲೆಯ ಮೇಲೆ ಎಸರು ಬುಳುಬುಳು ಅನ್ನುತ್ತಿದೆ, ಅಂಗನವಾಡಿ ಶಿಕ್ಷಕಿ ಗೌತಮಿಗೆ ಈಗ ಆ ಸದ್ದು ಬೇಡ, ಆದರೂ ಕಿವಿ ಅಲ್ಲೇ, ಹೊಸ್ತಿಲಾಚೆ ಮಕ್ಕಳ ಚಪ್ಪಲಿಗಳ ಸಾಲು, ಸಾಲಿನ ತುದಿ ಖಾಲಿ — ಶೀತಲಳ ಕೆಂಪು ಚಪ್ಪಲಿಯ ಜಾಗ. ಆಗಲೇ ಮನಿ ಬಿಟ್ಟಾಳಂತ್ರೀ ಅಕ್ಕೋರ, ಅವರವ್ವ ಹೇಳಿದ್ಲು, ಅಂದವಳೇ ಅಡುಗೆಯ ಚನ್ನವ್ವ ಕಾಲುವೆ ಕಡೆ ಓಡಿದ್ದಾಳೆ, ನಿನ್ನೆಯಷ್ಟೇ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ದಂಡೆ ತುಂಬಿ ಹರಿಯುತ್ತಿದೆ, ಉಳಿದ ಮಕ್ಕಳನ್ನು ಬಿಟ್ಟು ಗೌತಮಿ ಕದಲುವಂತಿಲ್ಲ, ಇವು ನೋಡಿದರೆ, ಶಿವನೇ, ತಾನು ಕಟ್ಟಿ ಕಲಿಸಿದ ಹಾಡನ್ನೇ ಹಾಡುತ್ತಿವೆ, ದಂಡಿಗಿ ಹೋದಳು ದುಂಡವ್ವ, ಮಾತನು ಕೇಳದ ಬಂಡವ್ವ, ಚಪ್ಪಲಿ ಜಾರಿತು ಬುಳುಬುಳುಕ್, ಬೆನ್ನಿಗೆ ಆಕಿನು ಬುಳುಬುಳುಕ್ — ನಾಲ್ಕು ಮಾತ್ರೆ, ನಾಲ್ಕು, ಆಮೇಲೆ ಐದು, ಎಲ್ಲೂ ಎಡವಿಲ್ಲ, ಎಂಥ ಹೊತ್ತಿನಲ್ಲಿ ಎಂಥ ಲೆಕ್ಕ, ಆದರೆ ಬೆರಳು ತಾನಾಗಿಯೇ ಮಡಚಿಕೊಳ್ಳುತ್ತದೆ. ಮೊದಲು ಹೀಗಿರಲಿಲ್ಲ, ಮೊದಲು ದುಂಡವ್ವ ಅವ್ವನ ಕೈಲಿ ಬೈಸಿಕೊಂಡು ಮನೆಗೆ ಬರುತ್ತಿದ್ದಳು, ಒಂದು ಮಗುವೂ ನಗಲಿಲ್ಲ, ಹಾಡಿನಲ್ಲಿ ಅವಳನ್ನು ಮುಳುಗಿಸಿದ ದಿನ ಬಿದ್ದುಬಿದ್ದು ನಕ್ಕವು, ಇನ್ನೊಮ್ಮಿರೀ ಅಕ್ಕೋರ, ಇನ್ನೊಮ್ಮಿ, ಸೂಪರ್‌ವೈಜರ್ ಬಾಯಿಯವರು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಹೋದರು, ನಕ್ಕರೆ ನೆನಪಿರುತ್ತದೆ, ನೆನಪಿದ್ದರೆ ಕಾಲುವೆಯ ಅಂಜಿಕೆ ಹುಟ್ಟುತ್ತದೆ, ಹಾಗಂದುಕೊಂಡೇ ತಾನೇ ಕಟ್ಟಿದ್ದು — ಅಂಜಿಕೆ ಎಲ್ಲಿ ಹುಟ್ಟಿತು, ಬುಳುಬುಳುಕ್ ಬಂದಾಗಲೆಲ್ಲ ಜಿಗಿಯುತ್ತವೆ, ಎಲ್ಲರಿಗಿಂತ ಎತ್ತರ ಜಿಗಿಯುವವಳು ಶೀತಲ, ನಿನ್ನೆ ಸೆರಗು ಜಗ್ಗಿ ಕೇಳಿದ್ದಳು, ಚಪ್ಪಲಿ ಖರೇನ ಬುಳುಕ್ ಅಂತೈತೇನ್ರಿ, ಹೂಂ ಅಂತೈತಿ, ನೀ ಹಾಡು ಮೊದಲ, ಅಂದುಬಿಟ್ಟೆನಲ್ಲ, ಖಾಲಿ ಜಾಗ, ಕೆಂಪು ಚಪ್ಪಲಿಯ ಜಾಗ, ಸಾಕು ನಿಲ್ಲಸ್ರೋ, ಅನ್ನಬೇಕು, ಅನ್ನುವಷ್ಟರಲ್ಲಿ ಮತ್ತೆ ಅದೇ ಸಾಲು, ಬೆನ್ನಿಗೆ ಆಕಿನು, ಬೆನ್ನಿಗೆ ಆಕಿನು — ಅಂಗಳದಲ್ಲಿ ಚನ್ನವ್ವ, ಶೀತಲಳ ಕಿವಿ ಹಿಡಿದು ಎಳೆದು ತರುತ್ತಿದ್ದಾಳೆ, ಲಂಗ ಸೊಂಟದವರೆಗೆ ತೊಯ್ದಿದೆ, ಬಂದಳು, ಬಂದಳಲ್ಲ ನನ್ನವ್ವ, ಬೈಯಲೆಂದು ಹೊಸ್ತಿಲಿಗೆ ಬರುವಷ್ಟರಲ್ಲಿ ಶೀತಲಳೇ ಶುರುಮಾಡುತ್ತಾಳೆ. ಅಕ್ಕೋರ, ಚಪ್ಪಲಿ ಬುಳುಬುಳುಕ್ ಅನ್ನಲೇ ಇಲ್ಲರೀ, ಒಗದು ನೋಡಿದ್ನಿ, ತೇಲಕೋಂತ ಹೋತು, ಹಿಡಿಯಾಕ ಇಳದ್ನಿ, ಚನ್ನವ್ವಾಯಿ ಜಡಿ ಹಿಡದು ಜಗ್ಗಿದ್ಲು. ಮಕ್ಕಳೆಲ್ಲ ಹೋ ಎಂದು ನಗುತ್ತವೆ, ಶೀತಲ ದಿನದ ರೂಢಿಯಂತೆ ಬಾಗಿ, ಉಳಿದೊಂದು ಚಪ್ಪಲಿ ಕಳಚಿ, ಸಾಲಿನ ತುದಿಗೆ ನೆಟ್ಟಗೆ ಇಟ್ಟು ಒಳಗೆ ಬರುತ್ತಾಳೆ, ಗೌತಮಿ ಅದನ್ನು ದಾಟಿ ಬೇರೇನನ್ನೂ ನೋಡಲಾರಳು, ಚಪ್ಪಲಿ ತೇಲಿತು, ಚಪ್ಪಲಿ ತೇಲಿತು, ಮುಂದಿನ ಸಾಲು ಕಟ್ಟಲು ಬರುತ್ತಿಲ್ಲ, ಒಂದು ಕೆಂಪು ಚಪ್ಪಲಿ, ಪಕ್ಕದಲ್ಲಿ ಇನ್ನೊಂದರ ಜಾಗ, ಒಂದು ಕೆಂಪು ಚಪ್ಪಲಿ